ಈ ಹೆಣ್ಮಗಳು ನಿಮಗೇನಾಗಬೇಕು?

…ಅಲ್ಲ, ಹಂಗ ಬ್ರಿಜ್ ಕಡೆ ಓಡಬ್ಯಾಡ, ಇಲ್ಲೆ ಕೂಡು ಒಂಚೂರು. ಈ ಬೆಂಚಿನ ಮ್ಯಾಲ… ಏ ಮಾದೇವಿ, ಕೂಡು ಅಂದೆನಲ್ಲ! ಮನಿಗೆ ಹೋಗೂದು ಇದ್ದದ್ದ ಐತಿ. ಮನ್ಯಾಗ ಸ್ನೇಹಲ್ ಇರ್ತಾಳ. ಹತ್ತನೇತ್ತೆ ಹುಡುಗಿ, ಈಗ ಎಲ್ಲಾ ತಿಳೀತೈತಿ ಅಕಿಗೆ. ಅವ್ವ ಅಪ್ಪ ಸಣ್ಣ ದನಿಲೆ ಮಾತಾಡಿದ್ರ ಸಾಕು, ಪುಸ್ತಕ ಹಿಡ್ಕೊಂಡು ಬಾಗಲದಾಗ ಬಂದು ನಿಲ್ತಾಳ. ಅದಕ್ಕ ನಾನ ಸ್ಟೇಷನ್ನಿಗೆ ಬಂದೆ. ನಿನ್ನ ಲೇಡೀಸ್ ಡಬ್ಬಾ ಮುಲುಂಡದಾಗ ಎಲ್ಲಿ ಬಂದು ನಿಲ್ತೈತಿ ಅಂತ ನನಗ ಗೊತ್ತಿಲ್ಲೇನು?

ಕೂತಿ? ಹಾಂ. ಚಲೋ ಆತು.

ನಿನ್ನ ಸರ್ಟಿಫಿಕೇಟಿನ ಕೆಲಸ ಆಗೇತಿ. ಮೊದ್ಲ ಅದನ್ನ ಹೇಳಿಬಿಡ್ತೀನಿ. ಆಗೇತಿ ಅಂದ್ರ… ಆದಂಗ ಐತಿ. ಏನೂ ದೊಡ್ಡ ವಿಷಯ ಅಲ್ಲ, ಬರೇ ಹೆಸರಿನ ಗದ್ದಲ. ನಾ ಮೊದ್ಲ ಹೇಳಿದ್ದಿಲ್ಲೇನು? ಸಾಲ್ಯಾಗ ನೀ ಮಹಾದೇವಿ ಗುರಲಿಂಗಪ್ಪ. ಇಲ್ಲೆ ಮುಂಬೈಗೆ ಬಂದ ಮ್ಯಾಲ ನಡುವ ಗಂಡನ ಹೆಸರು ಹಾಕ್ತಾರ, ಮಹಾದೇವಿ ಶ್ರೀಮಂತ. ಕಂಪ್ಯೂಟರಿಗೆ ಏನ್ ಗೊತ್ತು, ಗುರಲಿಂಗಪ್ಪ ಅಪ್ಪ, ಶ್ರೀಮಂತ ಗಂಡ ಅಂತ? ಅದು ಇಬ್ರು ಮಾದೇವಿ ಅದಾರ ಅಂತ ತಿಳ್ಕೊಂಡು ಕೆಂಪು ಮಾರ್ಕ ಹೊಡದೈತಿ. ಒಂದು ಅಫಿಡವಿಟ್ ಮಾಡ್ಸಿ ಕೊಟ್ರ ಮುಗೀತು. ಹಸಿರು ಆಗ್ತೈತಿ. ಸೋಮವಾರ ಕೋಟ್ ಹಾಕ್ಕೊಂಡು ನಿನ್ನ ಪರೇಲಿನ ದವಾಖಾನಿಗೆ ನೀ ಹೋಗು.

ಯಾಕ ಹಂಗ ನೋಡ್ತಿ?

ತಡಿ, ಈ ಫಾಸ್ಟ್ ಗಾಡಿ ಹೋಗ್ಲಿ. ಇದು ಹೋಗೂತನಕ ಏನೂ ಕೇಳಾಂಗಿಲ್ಲ… ಹಾಂ, ಹೋತು. ಚಾ ಕುಡೀತ್ಯಾ? ಬ್ಯಾಡ? ಸರಿ, ಬ್ಯಾಡ.

ಡಿಪ್ಲೊಮಾದ ಬೋರ್ಡಿನ ಆಫೀಸು ಭಾಳ ದೂರ ಐತಿ ನೋಡು. ಬಸ್ ಇಳಿದು ಎಷ್ಟ ನಡದ್ರೂ ಬರವಲ್ದು. ಪವಾಯಿ ಸೈಟಿನಾಗ ಇವತ್ತು ಬಾತ್‌ರೂಮಿನ ಫರ್ಶಿ ಕೂಡ್ಸೂದಿತ್ತು, ಗದಿಗೆಪ್ಪಗ ಹೇಳಿ ಬಂದೆ. ಅಂವ ಹೋಗ ಮಾರಾಯಾ, ಹೆಂಡ್ತಿ ಕೆಲಸ ಮೊದ್ಲ, ನಿಂದು ನಾ ನೋಡ್ಕೋತೀನಿ ಅಂದ. ಭಾಳ ಒಳ್ಳೆ ಮನಷ್ಯಾ. ಮತ್ತ ಆಫೀಸಿನಾಗ ಖಿಡಕಿ ಮುಂದ ಲೈನು. ಒಳಗ ಒಬ್ರು ಮೇಡಂ ಕೂತಿದ್ರು, ಕನ್ನಡಕದವ್ರು, ಮರಾಠಿಯವ್ರು. ಸಿಡಿಮಿಡಿ ಮಾಡ್ಲಿಲ್ಲ. “ಬೋಲಾ ದಾದಾ” ಅಂದ್ರು. ನಾ ನಿನ್ನ ಸರ್ಟಿಫಿಕೇಟ್ ಪ್ಲಾಸ್ಟಿಕ್ ಫೈಲಿನಿಂದ ತಗದು ಕೊಟ್ಟೆ.

ಆವಾಗ ನಾ ಸುಮ್ನ ನಿಂದರ್ಲಿಲ್ಲ ತಿಳೀತಿಲ್ಲ? ಹೇಳಿದೆ. ನಿನ್ನ ಬಗ್ಗೆ ಎಲ್ಲಾ ಹೇಳಿದೆ. ಏನಂದೆ ಅಂತ ಕೇಳು. ಕೇಳಾಕತ್ತಿಯಿಲ್ಲ?

ನಾ ಅಂದೆ, ಮೇಡಂ, ಇಕಿ ನನ್ನ ಮನಿಯಾಕಿ. ಇಂಡಿ ತಾಲೂಕಿನಾಕಿ. ಪಿಯುಸಿ ಸೈನ್ಸ್ ಫಸ್ಟ್‌ಕ್ಲಾಸ್ ಮಾಡಿದಾಕಿ. ಅವರಪ್ಪ ಲಗ್ನ ಮಾಡಿ ನನ್ನ ಜೋಡಿ ಈ ಊರಿಗೆ ಕಳಿಸಿದ. ಇಲ್ಲೆ ಬಂದು ನೋಡಿದ್ರ ಒಂದು ಖೋಲಿ, ಮ್ಯಾಲ ಒಂದು ಅಟ್ಟ, ನೀರಿಗೆ ಪಾಳಿ. ಆದ್ರೂ ಒಂದಿನ ಮಾರಿ ಸಣ್ಣದ ಮಾಡ್ಲಿಲ್ಲ. ಸ್ನೇಹಲ್ ಹುಟ್ಟಿದ ಮ್ಯಾಲ ನಮ್ಮ ಚಾಳದ ರುಕ್ಮಿಣಿಬಾಯಿ ಅಕಿನ್ನ ಒಂದು ನರ್ಸಿಂಗ್ ಹೋಮಿನಾಗ ಮೌಶಿ ಕೆಲಸಕ್ಕ ಹಚ್ಚಿದ್ರು. ಬೆಡ್‌ಪ್ಯಾನ್ ಎತ್ತೂದು, ನೆಲ ಒರಸೂದು. ಅಲ್ಲೆ ಒಂದು ಲ್ಯಾಬಿನ ಖೋಲಿ ಇತ್ತು. ಒರಸ್ಕೋತ ಒರಸ್ಕೋತ ಆ ಖೋಲಿಗೆ ಬಂದ್ರ ಇಕಿ ಕೈ ನಿಲ್ತಿತ್ತು. ಒಂದಿನ ಅಲ್ಲಿಯಾಕಿ ದುರ್ಬೀನಿನಾಗ ನೋಡು ಬಾ ಅಂದ್ಲಂತ. ಅವತ್ತು ಮನಿಗೆ ಬಂದು ಚಪ್ಪಲ್ ಸುದ್ದಾ ಬಿಚ್ಚಿಲ್ಲ ಮೇಡಂ, ಬಾಗಲದಾಗ ನಿಂತ, “ಏನ್ರಿ, ನಮ್ಮ ರಕ್ತದಾಗ ಸಜ್ಜಿ ಹರವಿದಂಗ ಕಾಣ್ತೈತ್ರಿ” ಅಂದ್ಲು…

ನೆನಪೈತಿ? ಹಂಗ ಅಂದಿದ್ದಿ ನೀ. ನಾ ಅದು ಇದು ಅಂತ ಏನೂ ಬದಲ ಮಾಡ್ಲಿಲ್ಲ, ಇದ್ದದ್ದು ಇದ್ದಂಗ ಹೇಳಿದೆ.

ಮತ್ತ ಅಂದೆ, ಭಾಂಡುಪದಾಗ ಒಂದು ಇನ್ಸ್ಟಿಟ್ಯೂಟ್ ಇತ್ತು ಮೇಡಂ, ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಕಲಸ್ತಿದ್ರು. ಮುಂಜಾನೆ ಡ್ಯೂಟಿ ಮುಗಿಸಿ ಮಧ್ಯಾಹ್ನ ಕ್ಲಾಸಿಗೆ ಹೋಗಾಕ ಬರ್ತಿತ್ತು, ಅದಕ್ಕ ಅಲ್ಲೆ ಹೆಸರು ಹಚ್ಚಿದ್ಲು. ಎರಡು ವರ್ಷ ಕಲ್ತಾಳ. ಒಂದ ಕ್ಲಾಸ್ ತಪ್ಪಿಸಿಲ್ಲ. ಸ್ನೇಹಲ್ಗ ಗೋವರ ಎದ್ದು ಜ್ವರ ಬಂದಾಗ ಕೂಸಿನ್ನ ಹೆಗಲಿಗೆ ಹಾಕ್ಕೊಂಡು ಪಾಠ ಬಾಯಿಪಾಠ ಮಾಡ್ಯಾಳ. ಅಡಗಿ ನಾ ಮಾಡ್ತಿದ್ದೆ. ನನ್ನ ಚಪಾತಿ ನೋಡಿ ಚಾಳದ ಹೆಂಗಸ್ರು ನಗ್ತಿದ್ರು. ನಗ್ಲಿ ಅಂದೆ. ಸೂಜಿ ಚುಚ್ಚೂದು ಕಲೀಬೇಕಲ್ಲ, ಯಾರ ಕೈ ಕೊಡ್ತಾರ? ನನ್ನ ಕೈ ಕೊಟ್ಟೆ. ಇಲ್ಲೆ, ಈ ಮಡಚಿನಾಗ, ನೀಲಿ ಕಟ್ಟಿತ್ತು. ಸೈಟಿನ ಕಂತ್ರಾಟದಾರ ನೋಡಿ, “ಏನೋ, ಗರ್ದು ಹೊಡಿಯಾಕ, ನಶಾದ ಸೂಜಿ ಚುಚ್ಚಿಕೊಳ್ಳಾಕ ಕಲ್ತಿಯೇನ್?” ಅಂತ ಬೈದ. ಇಲ್ಲೊ ಸಾಹೇಬ, ನನ್ನ ಹೆಂಡ್ತಿ ಪರೀಕ್ಷೆ ಐತಿ ಅಂದೆ!

ಯಾಕ, ನಗಾಂಗಿಲ್ಲೇನು? ಪ್ರತಿ ಸಲ ನಗ್ತಿದ್ದಿ ಈ ಮಾತಿಗೆ.

…ಇರ್ಲಿ. ದಣದೀ.

ಮುಂದ ಕೇಳು. ನಾ ಅಂದೆ, ಮೇಡಂ, ಪಾಸಾದ್ಲು. ಪೇಢೆ ಹಂಚಿದೆ ಇಡೀ ಚಾಳಿಗೆ. ಪರೇಲಿನ ದೊಡ್ಡ ದವಾಖಾನ್ಯಾಗ ನೌಕರಿ ಹತ್ತಿತು. ಮೊದಲನೇ ದಿನ ಬಿಳಿ ಕೋಟ್ ಹಾಕ್ಕೊಂಡು ಕನ್ನಡಿ ಮುಂದ ನಿಂತ್ಲು, ನಮ್ಮ ಕನ್ನಡಿ ಸಣ್ಣದು, ಮಾರಿ ಕಂಡ್ರ ಕೋಟ್ ಕಾಣಾಂಗಿಲ್ಲ, ಕೋಟ್ ಕಂಡ್ರ ಮಾರಿ ಕಾಣಾಂಗಿಲ್ಲ. ನಾ ಕನ್ನಡಿ ಹಿಡ್ಕೊಂಡು ಹಿಂದ ಹಿಂದ ಸರದು ಗ್ವಾಡಿಗೆ ಹತ್ತಿದೆ. ಅವತ್ತಿನಿಂದ ಇವತ್ತಿನತನಕ ಒಬ್ರ ಕೈಲೆ ಒಂದು ಮಾತು ಅನಿಸಿಕೊಂಡಾಕಿ ಅಲ್ಲ. ಈಗ ಮ್ಯಾನೇಜ್‌ಮೆಂಟ್ ಬದಲ ಆಗೇತಿ. ಹೊಸದಾಗಿ ಬಂದವ್ರು ಎಲ್ಲಾರ ಸರ್ಟಿಫಿಕೇಟ್ ಆನ್‌ಲೈನ್ ತಪಾಸಣಿ ಮಾಡ್ತೀವಿ ಅಂದಾರ. ಅದಕ್ಕೊಂದು ಕಂಪನಿ ಹಿಡದಾರ. ಇಕಿ ಎಲ್ಲಾ ಫೋಟೋ ಹೊಡದು ಹಾಕಿದ್ಲು. ಊರ ಸಾಲಿದು ಹತ್ತನೇತ್ತೆ ಮಾರ್ಕ್ಸ್‌ಕಾರ್ಡ್, ಅದು ಕಣ್ಣ ಮುಚ್ಚಿ ತೆರೆಯೂದ್ರಾಗ ಹಸಿರು ಬಂತು! ಪಿಯುಸಿದೂ ಹಸಿರು. ಡಿಪ್ಲೊಮಾದ್ದು ಒಂದ ಹಳದಿ ಬಂದು ನಿಂತಿತು, ಆಮ್ಯಾಲ ಕೆಂಪು. ದಾಖಲೆ ಸಿಗ್ಲಿಲ್ಲ ಅಂತ. ನೀವು ಒಂದು ಚೂರು ನೋಡ್ರಿ ಮೇಡಂ…

ಹಿಂಗ ಹೇಳಿದೆ. ಮೇಡಂ ಕೇಳಿದ್ರು. ಪಾಪ, ಗೋಣ ಹಾಕ್ಕೋತ ಕೇಳಿದ್ರು. “ನಿಮ್ಮಂಥಾ ಗಂಡ ಎಲ್ಲಾರಿಗೂ ಸಿಗಬೇಕು” ಅಂದ್ರು.

ಹೂಂ, ಅಂದ್ರು! ಸುಳ್ಳ ಹೇಳ್ತೀನೇನು?

ಸರ್ಟಿಫಿಕೇಟಾ? ನೀ ಕೇಳ್ಲಿಲ್ಲ, ಖರೇ. ಆದ್ರ ನಿನ್ನ ಕಣ್ಣ ನನ್ನ ಕೈ ಮ್ಯಾಲ ಬಂದು ಹೋತು, ನೋಡಿದೆ ನಾ. ಫೈಲ್ ಎಲ್ಲಿ ಅಂತ. ಲ್ಯಾಮಿನೇಶನ್ನಿಗೆ ಕೊಟ್ಟೀನಿ. ಅದರ ಅಂಚು ಹರದಿತ್ತಲ್ಲ, ಸ್ಟೇಷನ್ ಹೊರಗ ಝೆರಾಕ್ಸಿನ ಅಂಗಡ್ಯಾಗ. ನಾಳೆ ಕೊಡ್ತಾನ.

…ಯಾಕ, ಲ್ಯಾಮಿನೇಶನ್ ಮಾಡ್ಸಬಾರದೇನು? ಏನರ ಅನ್ನು. ಬೈಯರ ಬೈ. ನೀ ಹಿಂಗ ಹಳಿ ನೋಡ್ಕೋತ ಕೂತ್ರ ನಾ ಏನ್ ಮಾತಾಡ್ಲಿ? ಅಂವ ರಾತ್ರಿ ಅಂಗಡಿ ಮುಚ್ಚೂದ್ರೊಳಗ ಕೊಡ್ತೀನಿ ಅಂದಿದ್ದ, ನಾನ ಅವಸರ ಏನೈತಿ ಅಂದೆ. ನಾಳೆ ಅಂದೆ. ಅಂಗಡಿ… ಆ ಮಿಠಾಯಿ ಅಂಗಡಿ ಬಾಜೂಕಿಂದು…

ಅಂಗಡಿ ಇಲ್ಲ ಮಾದೇವಿ.

ಲ್ಯಾಮಿನೇಶನ್ನಿಗೆ ಕೊಟ್ಟಿಲ್ಲ. ಅವ್ರು ಇಟ್ಕೊಂಡ್ರು.

ತಡಿ, ಹೇಳ್ತೀನಿ. ಎಲ್ಲಾ ಹೇಳ್ತೀನಿ. ನಾ ಮೊದ್ಲ ಭಾಂಡುಪಿಗೆ ಹೋಗಿದ್ದೆ. ಆಫೀಸಿಗೆ ಹೋಗೂಕ್ಕಿಂತ ಮೊದ್ಲ. ಇನ್ಸ್ಟಿಟ್ಯೂಟಿನ ಸರ್ ಸಿಕ್ರ ಒಂದು ಚೀಟಿ ಬರಿಸ್ಕೊಂಡು ಹೋದ್ರಾತು ಅಂತ. ಅದ ಬಿಲ್ಡಿಂಗ್, ಅದ ಪಾವಟಿಗಿ. ಮ್ಯಾಲ ಹೋದ್ರ ಜಿಮ್! ಹುಡುಗ್ರು ಬನಿಯನ್ ಹಾಕ್ಕೊಂಡು ಕಬ್ಬಿಣ ಎತ್ತಾಕತ್ತಿದ್ರು. ಕೇಳಿದ್ರ, ಆ ಸರ್ ಖೋಲಿ ಬಿಟ್ಟು ಎಲ್ಲಿ ಹೋದ ಅಂತ ಮಾಲಕಗೂ ಗೊತ್ತಿಲ್ಲ. ನಿನ್ನ ಬೆಂಚು ಇದ್ದಲ್ಲೆ ಸೈಕಲ್ ಇಟ್ಟಾರ. ಎಷ್ಟ ತುಳದ್ರೂ ಮುಂದ ಹೋಗಾಂಗಿಲ್ಲಲ್ಲ, ಅಂಥಾ ಸೈಕಲ್.

ಅಲ್ಲೇ ನನಗ ತಿಳೀಬೇಕಿತ್ತು. ಆದ್ರೂ ಹೋದೆ.

ಮೇಡಂ ಒಳ್ಳೆವ್ರು, ಅದು ಖರೇ. ನಿನ್ನ ಸರ್ಟಿಫಿಕೇಟಿನ ನಂಬರ್ ಹೊಡದ್ರು. ಸ್ಕ್ರೀನ್ ನನ್ನ ಕಡೆ ತಿರಗಿಸಿ ತೋರಿಸಿದ್ರು. ಆ ನಂಬರಿಗೆ ಬ್ಯಾರೇ ಹೆಸರು ಬಂತು. ಒಬ್ಬ ಗಂಡ ಹುಡುಗಂದು. ನಾಂದೇಡ ಕಡೆಯಂವ ಏನೋ, ಫಿಟ್ಟರ್ ಕೋರ್ಸು ಮಾಡ್ಯಾನ. ಮತ್ತ ಕೆಳಗ ಚೌಕ ಇರ್ತೈತಲ್ಲ, ಕರೀ ಚುಕ್ಕಿದು, ಕ್ಯೂಆರ್, ಅದಕ್ಕ ಫೋನ್ ಹಿಡದ್ರು. ಏನ್ ಬಂತು ಗೊತ್ತೈತಿ? ಡೊಂಬಿವಲಿಯಾಗ ಫ್ಲ್ಯಾಟ್ ಮಾರೂ ಜಾಹಿರಾತು! ಒಬ್ಬ ಗಂಡ, ಒಬ್ಬಾಕಿ ಹೆಂಡ್ತಿ, ಒಂದು ಕೂಸು, ಮೂರೂ ಮಂದಿ ಬಾಲ್ಕನ್ಯಾಗ ನಿಂತು ಹಲ್ಲ ಕಿಸ್ಕೋತ…

ಅಳಬ್ಯಾಡ. …ಅಳಾಕತ್ತಿಲ್ಲ ನೀ. ಹೌದು. ನಾನ ಅಂದ್ಕೊಂಡೆ.

ನಾ ಜಗಳಾ ತಗದೆ. ತಗೀಬೇಕಿತ್ತಲ್ಲ? ಅಕಿ ಕಲ್ತಾಳ್ರಿ, ಎರಡು ವರ್ಷ ಹೋಗ್ಯಾಳ್ರಿ, ಪರೀಕ್ಷೆ ಬರದಾಳ್ರಿ ಅಂತ… ಬಾಯಾಗ ಬಂತು. ಬಂದಿತ್ತು ಬಾಯಿತನಕ. ಅಷ್ಟ್ರಾಗ ಮೇಡಂ ಒಳಗ ಹೋಗಿ ದೊಡ್ಡ ಸಾಹೇಬನ್ನ ಕರ್ಕೊಂಡು ಬಂದ್ರು. ಅಂವ ಸರ್ಟಿಫಿಕೇಟ್ ಬೆಳಕಿಗೆ ಹಿಡದು ನೋಡಿದ, ಟ್ರೇದಾಗ ಹಾಕಿದ. ಹಾಕಿ ನನ್ನ ಕಡೆ ನೋಡಿ ಕೇಳಿದ, “ಈ ಹೆಣ್ಮಗಳು ನಿಮಗೇನಾಗಬೇಕು?”

ಅವನ ಹಿಂದ ಕುರ್ಚಿ ಮ್ಯಾಲ ಒಬ್ಬ ಪೋಲೀಸ್ ಕೂತಿದ್ದ ಮಾದೇವಿ. ಬ್ಯಾರೇ ಕೆಲಸಕ್ಕ ಬಂದಿದ್ನೋ ಏನೋ, ನೀರ ಕುಡ್ಯಾಕತ್ತಿದ್ದ. ಬಾಟಲಿ ಬಾಯಿಗೆ ಇಟ್ಕೊಂಡ ನನ್ನ ಕಡೆ ಹೊಳ್ಳಿ ನೋಡಿದ.

ನೀ ಹೇಳು. ನಾ ಎಂಥಾ ಮನಷ್ಯಾ? ಹತ್ತಂತಸ್ತಿನ ಹೊರಗ ಬಿದಿರ ಕಟ್ಟಿ ನಿಂತು ಕೆಲಸ ಮಾಡೀನಿ. ಅಂಜಿಲ್ಲ. ಆ ಖಾಕಿ ನೋಡಿದ ಕೂಡಲೆ ನನ್ನ ನಾಲಿಗಿ… ನನ್ನದ ಅಲ್ಲ ಅದು. ಯಾರದೋ ನಾಲಿಗಿ ಮಾತಾಡಿತು.

ಯಾರೂ ಅಲ್ಲರಿ, ಅಂದೆ.

ಚಾಳದಾಗ ಇರ್ತಾರ್ರಿ, ಕೊಟ್ಟು ಬಾ ಅಂದ್ರು, ತಂದೆ, ಅಂದೆ. ಅಂವ ಮತ್ತೊಮ್ಮೆ ಕೇಳಿದ. ಪರಿಚಯದವರಾ ಅಂತ. ಇಲ್ಲರಿ, ಮಾರಿ ಸುದ್ದಾ ನೆಟ್ಟಗ ನೋಡಿಲ್ಲ ಅಂದೆ. ನಿಂದಾ? ನಿನ್ನ ಮಾರಿ!

ಸರದು ಕೂಡಬ್ಯಾಡ. ಮುಗಿಸಾಕ ಬಿಡು.

ಅವ್ರು ಹೆಸರು ಕೇಳಿದ್ರು. ನನ್ನ ಹೆಸರು. ಗದಿಗೆಪ್ಪ ಅಂದೆ. ಪಾಪ, ನನ್ನ ಕೆಲಸ ಮಾಡ್ಕೋತ ಅಲ್ಲೆ ಕುಂತಾನ ಅಂವ, ಅವನ ಹೆಸರ ಬಾಯಿಗೆ ಬಂತು. ಮೇಡಂ ಬರ್ಕೊಂಡ್ರು. ಬರ್ಕೊಂಡ ಮ್ಯಾಲ ಸಾಹೇಬ ಪೆನ್ ಕೆಳಗ ಇಟ್ಟು ಏನಂದ ಗೊತ್ತೈತಿ? “ನಿಮ್ಮವ್ರ ಆಗಿದ್ರ ಇಲ್ಲೇ ಒಂದು ತಕರಾರ ಬರ್ಕೋತಿದ್ವಿ, ಮೋಸ ಹೋದವ್ರು ಅಂತ. ಆ ಇನ್ಸ್ಟಿಟ್ಯೂಟಿನವ್ರು ಭಾಳ ಮಂದಿಗೆ ಹಿಂಗ ಮಾಡ್ಯಾರ. ಮೊನ್ನೆ ಒಬ್ಬಾಕಿ ಅಪ್ಪನ್ನ ಕರ್ಕೊಂಡು ಬಂದು ಬರದು ಕೊಟ್ಟು ಹೋದ್ಲು” ಅಂದ. ಲಾವಣ್ಯಾ ಅಂತ. ಕ್ಲಾಸಿನಾಗ ನಿನ್ನ ಬಾಜೂಕ ಕೂಡ್ತಿದ್ಲಲ್ಲ, ಅಕಿ. “ತಾವಾಗಿ ಬಂದವ್ರದು ಒಂದು ಪಟ್ಟಿ. ಬರಲಾರದವ್ರದು, ಖೋಟಾ ಸರ್ಟಿಫಿಕೇಟ್ ಉಪಯೋಗ ಮಾಡಿದವ್ರು ಅಂತ ಇನ್ನೊಂದು ಪಟ್ಟಿ.”

ಮೊದ್ಲ ಹೇಳಬೇಕಿತ್ತೋ ಇಲ್ಲೋ ಈ ಮಾತು ಅಂವ? ಮೊದ್ಲ ಹೇಳಿದ್ರ ನಾ…

ಗೊತ್ತಿಲ್ಲ. ಮೊದ್ಲ ಹೇಳಿದ್ರೂ ಏನ್ ಮಾಡ್ತಿದ್ನೋ.

ಬಾಗಲತನಕ ಬಂದೆ. ನಿಂತೆ. ಹೊಳ್ಳಿ ಹೋಗಬೇಕು ಅಂದೆ. ಖರೇನ, ಎರಡು ಹೆಜ್ಜಿ ಹೋದೆ. ಆದ್ರ ಹೋಗಿ ಏನನ್ಲಿ? ಗದಿಗೆಪ್ಪ ಅಂತ ಬರಸೀನಿ. ಈಗ ಬಂದು ನಾ ಶ್ರೀಮಂತ, ಅಕಿ ನನ್ನ ಹೆಂಡ್ತಿ ಅಂದ್ರ ನಂಬತಾರೇನು? ನಿನ್ನ ಕಾಗದಾನೂ ಸುಳ್ಳ, ನಿನ್ನ ಗಂಡನೂ ಸುಳ್ಳ ಅಂತಿದ್ರು. ನಾ ಇಳದು ಬಂದೆ. ಬಸ್ ಸ್ಟಾಪಿನಾಗ ಕೂತೆ. ಬಸ್ ಬಂದೂ, ಹೋದೂ. ನಾ ನಿನ್ನ ಬಗ್ಗೆ ಹೇಳಬೇಕಾದದ್ದೆಲ್ಲಾ ಅಲ್ಲೆ ಕೂತು ಹೇಳ್ದೆ. ನನ್ನಷ್ಟಕ್ಕ ನಾನ. ಖಿಡಕಿ ಮುಂದ ಒಂದೂ ಹೇಳಿದ್ದಿಲ್ಲ. ಕೂಸು, ಗೋವರ, ಕನ್ನಡಿ, ಸಜ್ಜಿ ಕಾಳು… ಎಲ್ಲಾ ಎಷ್ಟ ಚಂದ ಬಂತು ಬಾಯಾಗ! ಬಾಜೂಕ ಕೂತಿದ್ದ ಮುದಕಿ ಎದ್ದು ದೂರ ಹೋಗಿ ನಿಂತ್ಲು.

ಮಾದೇವಿ.

ಒಂದು ಮಾತರ ಆಡು. ನಡಿ, ಮನಿಗೆ ಹೋಗೂಣು. ಚೀಲ ನನ್ನ ಕಡೆ ಕೊಡು. ಇದೇನ ಇಷ್ಟ ಭಾರ ಐತಿ? ಡಬ್ಬಿ ಅಷ್ಟ ಒಯ್ದಿದ್ದಿಲ್ಲೇನು ಮುಂಜಾನೆ? ನಿನ್ನ ಚಪ್ಪಲ್, ಲ್ಯಾಬಿನಾಗ ಹಾಕ್ಕೊಳ್ಳೂವು… ಕೋಟ್… ನಿನ್ನ ನೀರಿನ ಬಾಟಲಿ, ಸ್ನೇಹಲ್ ಬಣ್ಣಾ ಬಳದು ಕೊಟ್ಟ ಪೆನ್ನಿನ ಡಬ್ಬಿ… ಇದನ್ನೆಲ್ಲಾ ಯಾಕ ತಂದಿ?

ಕಪಾಟ ಖಾಲಿ ಮಾಡಿಸಿದ್ರಾ?

ಸೋಮವಾರತನಕ ಟೈಮ್ ಐತಿ ಅಂದಿದ್ರಲ್ಲ! ಸೋಮವಾರ ಅಂತ ಅವರ ಅಂದಿದ್ರು! ಇವತ್ತಿನ್ನೂ ಶುಕ್ರವಾರ. ಇವತ್ತ ಹೆಂಗ ಗೊತ್ತಾತು ಅವ್ರಿಗೆ? ನಾ ಯಾರಿಗೂ ಹೇಳಿಲ್ಲ. ನನ್ನಾಣಿ, ಒಬ್ಬರಿಗೂ ಹೇಳಿಲ್ಲ. ಹೆಂಗ…

ಓ.

ಸರ್ಟಿಫಿಕೇಟಿನ ಹಿಂದ ಒಂದು ಝೆರಾಕ್ಸ್ ಇತ್ತು. ದವಾಖಾನಿ ಕೊಟ್ಟ ಪತ್ರದ್ದು. ಅದ್ರಾಗ ಅವರ ಫೋನ್ ನಂಬರೂ ಇತ್ತು, ನಿನ್ನ ನಂಬರೂ ಇತ್ತು. ನಾನ ಜೋಡಿಸಿ ಕೊಟ್ಟಿದ್ದೆ, ಎಲ್ಲಾ ಸೇರಿ ಇರ್ಲಿ ಅಂತ.

ಆ ಆಫೀಸಿನವ್ರು ದವಾಖಾನಿಗೆ ಫೋನ್ ಮಾಡ್ಯಾರ.

ಅಂದ್ರ ನಿನಗೂ…

ಮಾರಿ ಈ ಕಡೆ ತಿರುಗಿಸು. ನೋಡ್ಲಿ. ನಾ ಇಷ್ಟೊತ್ತು ಇಷ್ಟೆಲ್ಲಾ ಹೇಳಿದೆ, ಜಿಮ್ಮು ಅಂದೆ, ಫಿಟ್ಟರ್ ಅಂದೆ, ಯಾರೂ ಅಲ್ಲ ಅಂದದ್ದೂ ಹೇಳಿದೆ. ಒಮ್ಮೆರ ಹಾಂ ಅಂತ ಬಾಯಿ ತೆರದಿಲ್ಲ ನೀ. ನಿನಗೂ ಫೋನ್ ಬಂದಿತ್ತು, ಹೌದಿಲ್ಲೊ? ಯಾವಾಗ? ಊಟದ ಹೊತ್ತಿನಾಗಾ? ನಾ ಬಸ್ ಸ್ಟಾಪಿನಾಗ ಕೂತಿದ್ನಲ್ಲ, ಆವಾಗಾ?

ಗಾಡಿ ಇಳಿಯೂಕ್ಕಿಂತ ಮೊದ್ಲ ನಿನಗ ಗೊತ್ತಿತ್ತು. ನಾ ಹೇಳಿದೆ ಹೇಳಿದೆ ಅಂತ ಅಷ್ಟುದ್ದ ಕತಿ ಕಟ್ಟಿದ್ದೆಲ್ಲಾ ಗೊತ್ತಿದ್ದ ಕೇಳಿದಿ. ಯಾಕ ತಡೀಲಿಲ್ಲ ನನ್ನ? ಎಂಥಾ ಹೆಂಗಸ ನೀ! ನಿಮ್ಮಂಥಾ ಗಂಡ ಎಲ್ಲಾರಿಗೂ ಸಿಗಬೇಕು ಅಂದ್ರು ಅಂತ ನಾ ಅಂದಾಗರ ನನ್ನ ಬಾಯಿ ಮ್ಯಾಲ ಒಂದು ಕೊಡಬೇಕಿತ್ತು!

ಏನ್ ಕೇಳಿದ್ರು ಫೋನಿನಾಗ?

ಹೇಳಬ್ಯಾಡ. ನಾನ ಹೇಳ್ತೀನಿ. ಒಬ್ಬ ಗದಿಗೆಪ್ಪ ಅನ್ನಾಂವ ನಿಮ್ಮ ಕಾಗದ ತಗೊಂಡು ಬಂದಿದ್ದ, ನಿಮ್ಮನ್ನ ಗೊತ್ತ ಇಲ್ಲ ಅಂತಾನ, ಅಂವ ಯಾರು ಅಂತ ಕೇಳಿದ್ರು. ಹೌದು? ಅಂಗಿ ಬಣ್ಣ ಹೇಳಿರಬೇಕು. ನೀನ ಇಸ್ತ್ರಿ ಮಾಡಿ ಕೊಟ್ಟಿದ್ದಿ. ತಿಳಿದಿರ್ತೈತಿ ನಿನಗ.

ನೀ ಏನಂದಿ?

ನನಗೂ ಅಂವ ಗೊತ್ತಿಲ್ಲ ಅಂದಿರಬೇಕು. ಅನ್ನಬೇಕ. ನಾ ಆಗಿದ್ರ ಅಂತಿದ್ದೆ. ಅಂದ್ಯಾ? ಅಂದೀನಿ ಅನ್ನು, ಮಾದೇವಿ. ನಿನ್ನ ಕಾಲ ಬೀಳ್ತೀನಿ, ಅಂದೀನಿ ಅನ್ನು.

…ಅಂದಿಲ್ಲಾ?

ನನ್ನ ಗಂಡ ಅಂದ್ಯಾ?

ಬ್ಯಾಡ… ಹಂಗ ಗೋಣ ಹಾಕಬ್ಯಾಡ. ಏ, ಎಲ್ಲಿ ಹೊಂಟಿ? ಚೀಲ ನಾ ತರ್ತೀನಿ, ಬಿಡು… ಮಾದೇವಿ, ಒಂದು ಮಾತರ… ಮಂದಿ ನೋಡಿದ್ರ ನೋಡ್ಲಿ, ಇಲ್ಲೇ ಬೈ ನನಗ… ಮಾದೇವಿ…